ಊರಿದ ಕೈ

ಮಿಲ್ವಾಕಿ
೨೧ ಆಗಸ್ಟ್ ೧೯೭೭

ಅಕ್ಕಾ,

ನಿನ್ನ ಪೊಟ್ಟಣ ಬಂತು. ಆಕ್ರೋಟು ತುಂಬಿದ ಸುರುಳಿ ರೊಟ್ಟಿ ಅಂಚೆಯವರ ಕೈಯಲ್ಲಿ ಪುಡಿಪುಡಿಯಾಗಿತ್ತು. ಪುಡಿಯನ್ನೇ ಚಮಚದಲ್ಲಿ ತಿಂದೆ. ಮೊದಲಾದರೆ ಅರ್ಧ ಆರ್ವೆಲ್‌ನ ಪಾಲಾಗುತ್ತಿತ್ತು. ಈ ಸಲ ಪಾಲು ಕೇಳುವವನೇ ಇಲ್ಲ. ಮೊನ್ನೆ ನಮ್ಮ ಫುಟ್‌ಬಾಲ್ ತಂಡದವರು ಅವನನ್ನು ಮೆಂಫಿಸ್ ತಂಡಕ್ಕೆ ಕೊಟ್ಟು, ಬದಲಿಗೆ ಅಲ್ಲಿಂದ ಒಬ್ಬ ಓಟಗಾರನನ್ನು ತಂದುಕೊಂಡರು.

ಬೆಳಗಿನ ಜಾವ ಚೀಲ ಹೆಗಲಿಗೇರಿಸಿಕೊಂಡು ನನ್ನ ಕೋಣೆಗೆ ಬಂದ. ಕೋಚ್ ಬ್ರಾಕ್‌ಮನ್ ಮೇಲೆ ಕೆಂಡ ಕಾರುತ್ತಿದ್ದ. "ನಾನಿಲ್ದೆ ಆಡ್ಲಿ, ಆಗ ಗೊತ್ತಾಗುತ್ತೆ ಇವ್ರಿಗೆ" ಅಂದ. ಬಾಗಿಲಲ್ಲಿ ತಿರುಗಿ ನಿಂತು, "ಎಮಿಲ್, ಹಾವು ಮರೀಬೇಡ" ಎಂದು ಹೇಳಿ ಹೋದ. ಅಂಥ ಹೊತ್ತಿನಲ್ಲೂ ಅವನಿಗೆ ಅದೇ ತಮಾಷೆ. ಆ ಹಾವಿನ ಕಥೆಯನ್ನು ಅವನೇ ನಿಮ್ಮ ಮನೆಯ ಊಟದ ಮೇಜಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದ, ನೆನಪಿದೆಯಲ್ಲ. ಅವನು ತಂಡಕ್ಕೆ ಬಂದ ಮೊದಲ ಬೇಸಿಗೆ, ಅಭ್ಯಾಸದ ಮೈದಾನದಲ್ಲಿ ನಾನು ಕೈ ಊರಿದ ಜಾಗದಲ್ಲೇ ಬೆರಳುದ್ದದ ಹಸಿರು ಹಾವು. ಇಷ್ಟು ದೊಡ್ಡ ದೇಹ ಹೊತ್ತು ನಾನು ಕಿರುಚಿಕೊಂಡು ಓಡಿದ್ದು ನಿಜ.

ಅಂದಿನಿಂದ ಆರು ವರ್ಷ ಅವನು ಬಾಯಿ ಮುಚ್ಚಲಿಲ್ಲ. ಪ್ರತಿ ಸಲ ಸಾಲಿಗೆ ನಡೆದು ಹೋಗುವಾಗ, ನಾನು ಇನ್ನೂ ಬಗ್ಗುವ ಮೊದಲು, ನನ್ನ ಕಡೆ ತಿರುಗಿ ಏನಾದರೂ ಒದರಲೇಬೇಕು. ಒಮ್ಮೆ "ಹಾವು", ಇನ್ನೊಮ್ಮೆ "ರಾತ್ರಿ ಊಟಕ್ಕೇನು?" ಸುಮ್ಮನಿರೋ ಎಂದು ಗದರಿ ಗದರಿ ಸಾಕಾಗಿತ್ತು. ಈಗ ಸಾಲಿನಲ್ಲಿ ನನ್ನ ಪಕ್ಕ, ಅವನ ಜಾಗಕ್ಕೆ ಬಂದಿರುವ ಕರ್ಟಿಸ್ ಮಿನೆಸೋಟಾದ ಹುಡುಗ, ದಿನಕ್ಕೆ ಎರಡು ಮಾತಾಡಿದರೆ ಹೆಚ್ಚು. ಕಿವಿಗೆ ಸುಖ.

ಇದು ನನ್ನ ಹತ್ತನೆಯ ವರ್ಷ. ಈ ಸಲ ಚೆನ್ನಾಗಿ ಆಡಿದರೆ ಇನ್ನೆರಡು ವರ್ಷದ ಒಪ್ಪಂದ ಮಾಡುತ್ತಾರಂತೆ. ಇಲ್ಲದಿದ್ದರೆ ಊರಿಗೆ ಬಂದು ಭಾವನ ಜೊತೆ ಉಕ್ಕಿನ ಕುಲುಮೆ ಸೇರುವುದು. ಅದಕ್ಕೆ ನನಗಿನ್ನೂ ಮನಸ್ಸಿಲ್ಲ.

ಭಾವನಿಗೂ ಮಕ್ಕಳಿಗೂ ನೆನಪು ಹೇಳು.

ನಿನ್ನ ತಮ್ಮ,
ಎಮಿಲ್


ಹ್ಯಾರೋ ರನ್, ಪೆನ್ಸಿಲ್ವೇನಿಯಾ
೬ ಸೆಪ್ಟೆಂಬರ್

ಎಮಿಲ್,

ಕಿವಿಗೆ ಸುಖವಂತೆ. ಆರು ವರ್ಷ ಭುಜಕ್ಕೆ ಭುಜ ತಾಗಿಸಿ ನಿಂತವನು ಹೊರಟಾಗ ನೀನು ಹಾಸಿಗೆ ಬಿಟ್ಟು ಎದ್ದೆಯೋ ಇಲ್ಲವೋ, ಅದೊಂದನ್ನು ಮಾತ್ರ ಬರೆದಿಲ್ಲ. ಎದ್ದಿರುವುದಿಲ್ಲ. ನಿನ್ನನ್ನು ಎತ್ತಿ ಆಡಿಸಿದವಳು ನಾನು, ನನಗೆ ಗೊತ್ತಿಲ್ಲವೇ.

ಕ್ರಿಸ್ಮಸ್ ಹಿಂದಿನ ರಾತ್ರಿ ನಾವು ದಾರಿಹೋಕನಿಗೆಂದು ಒಂದು ತಟ್ಟೆ ಹೆಚ್ಚಿಗೆ ಇಡುತ್ತೇವಲ್ಲ, ಅಮ್ಮ ಇದ್ದಾಗಿನಿಂದ ಆ ತಟ್ಟೆಗೆ ಯಾರೂ ಕೂತಿರಲಿಲ್ಲ. ನಾಲ್ಕು ವರ್ಷದ ಹಿಂದೆ ನೀನು ಆರ್ವೆಲ್‌ನನ್ನು ಕರೆತಂದೆ. ಅವನು ನೆಟ್ಟಗೆ ಹೋಗಿ ಅಲ್ಲೇ ಕೂತ. ಅದು ಖಾಲಿ ಬಿಡುವ ತಟ್ಟೆ ಎಂದು ಯಾರಿಗೂ ಹೇಳಲು ಬಾಯಿ ಬರಲಿಲ್ಲ. ಅಣಬೆ ಸಾರನ್ನು ಮೂರು ಸಲ ಹಾಕಿಸಿಕೊಂಡ. ನನಗೆ ಅವನು ಅಂದೇ ಮನೆಯವನಾದ.

ಶುಕ್ರವಾರ ಚರ್ಚಿನ ಅಡುಗೆಮನೆಯಲ್ಲಿ ಮಾರಾಟದ ಪಿರೋಹಿ ಕಡುಬು ಮಡಚುತ್ತ ಕೂತಿದ್ದಾಗ ಪಾವ್ಲಿಕನ ಹೆಂಡತಿ ಮತ್ತೆ ಕೇಳಿದಳು, ನಿನ್ನ ತಮ್ಮ ಅಲ್ಲಿ ಮಾಡುವುದಾದರೂ ಏನು, ಒಮ್ಮೆಯೂ ಚೆಂಡು ಮುಟ್ಟಿದ್ದು ಕಾಣೆನಲ್ಲ ಎಂದು. ನಾನು ಹೇಳಿದೆ: "ಐದು ಜನ ದಪ್ಪಗಿರೋರು ಸಾಲಾಗಿ ಬಗ್ಗಿ, ಒಂದೊಂದು ಕೈ ನೆಲಕ್ಕೂರ್ತಾರೆ. ಹಿಂದೆ ಲಾಯ್ಡ್ ಅನ್ನೋ ಹುಡ್ಗ ಚೆಂಡು ಹಿಡ್ಕೊಂಡಿರ್ತಾನೆ. ಅವ್ನು ಅದನ್ನ ಎಸೀಬೇಕು, ಇಲ್ಲಾಂದ್ರೆ ಓಡೋನ ಕೈಗೆ ಕೊಡ್ಬೇಕು. ಅಲ್ಲೀವರ್ಗೂ ಅವ್ನನ್ನ ಯಾರೂ ಮುಟ್ಟದ ಹಾಗೆ ತಡೆಯೋದೇ ನನ್ ತಮ್ಮನ್ ಕೆಲ್ಸ. ಅವ್ನು ಎಡಗಡೆ ಕೊನೇಲಿರೋನು." ಅವಳು ಹಿಟ್ಟಿನ ಕೈಯಲ್ಲೇ ಮೂಗೊರೆಸಿಕೊಂಡು, ಗೋಡೆ ಕಟ್ಟಿದ್ದರೂ ಆಗುತ್ತಿತ್ತಲ್ಲ ಎಂದಳು. ಪಿರೋಹಿ ಕೊಳ್ಳುವವರ ಪುಣ್ಯ, ಆ ಹಿಟ್ಟನ್ನು ನಾನು ಎತ್ತಿಟ್ಟೆ.

ನೀನು ಕೊಡಿಸಿದ ಬಣ್ಣದ ಟಿವಿಯಲ್ಲಿ ಭಾನುವಾರ ನಿನ್ನನ್ನು ನೋಡುತ್ತೇನೆ. ನಿನ್ನ ಭಾವ ರಾತ್ರಿ ಪಾಳಿ ಮುಗಿಸಿ ಮಲಗಿರುತ್ತಾರಾದ್ದರಿಂದ ಧ್ವನಿ ಬಂದ್ ಮಾಡಿಯೇ ನೋಡಬೇಕು.

ಆರ್ವೆಲ್‌ಗೆ ಒಂದು ಕಾಗದ ಬರೆ.

ವೆರೋನಿಕಾ


ಮಿಲ್ವಾಕಿ
೨೭ ಸೆಪ್ಟೆಂಬರ್

ಅಕ್ಕಾ,

ಆರ್ವೆಲ್‌ಗೆ ಕಾಗದ ಬರೆ ಎಂದಿದ್ದೆ. ಇದನ್ನು ಓದಿದ ಮೇಲೂ ಹಾಗೆನ್ನುತ್ತೀಯೋ ನೋಡೋಣ.

ಭಾನುವಾರ ಮೆಂಫಿಸ್‌ನವರಿಗೆ ನಾವು ಮಾಡುವುದೆಲ್ಲ ಮೊದಲೇ ಗೊತ್ತಿತ್ತು. ನನ್ನ ಎದುರಿಗಿದ್ದವನು ಕಾಲೇಜಿನಿಂದ ಈಗಷ್ಟೇ ಬಂದ ಹುಡುಗ, ಮೀಸೆ ಕೂಡ ನೆಟ್ಟಗೆ ಬಂದಿಲ್ಲ. ನಾವು ಓಡಲು ಹೊರಟರೆ ಅವನು ಆಗಲೇ ದಾರಿಗೆ ಅಡ್ಡ ನಿಂತಿರುತ್ತಿದ್ದ. ಎಸೆಯಲು ಹೊರಟರೆ ನನ್ನನ್ನು ಬಳಸಿಕೊಂಡು ಹೋಗಿ ಲಾಯ್ಡ್‌ನ ಮೇಲೆ ಬೀಳುತ್ತಿದ್ದ. ಕೊನೆಕೊನೆಗೆ ಬಾಯಿಬಿಟ್ಟೇ ಹೇಳತೊಡಗಿದ, "ತಾತ, ಈಗ ಓಟ ಅಲ್ವಾ?" ಎಂದು. ಓಟವೇ ಆಗಿರುತ್ತಿತ್ತು. ಹತ್ತು ವರ್ಷದಲ್ಲಿ ನನಗೆ ಇಂಥ ಅವಮಾನ ಆಗಿರಲಿಲ್ಲ.

ಆರ್ವೆಲ್ ಅವರ ಬೆಂಚಿನಲ್ಲಿದ್ದ. ವಿರಾಮಕ್ಕೆ ಸ್ವಲ್ಪ ಮೊದಲು ಆ ಹುಡುಗ ಅವನ ಹತ್ತಿರ ಹೋಗಿ ಬಗ್ಗಿ ಏನೋ ಕೇಳಿದ. ಇಬ್ಬರೂ ನನ್ನ ಕಡೆ ನೋಡಿದರು. ಇದನ್ನು ಬೇರೆ ಯಾರೋ ಹೇಳಿದ್ದಲ್ಲ, ನಾನೇ ಕಣ್ಣಾರೆ ಕಂಡೆ. ವಿರಾಮದ ನಂತರ ಆಟ ಅವರ ಬೆಂಚಿನ ಸಮೀಪಕ್ಕೆ ಬಂದಾಗ ಆರ್ವೆಲ್ ಎದ್ದು ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, "ಎಮಿಲ್, ಹಾವು" ಎಂದು ಕೂಗಿದ. ಒಂದು ಸಲವಲ್ಲ, ಮತ್ತೆ ಮತ್ತೆ. ತನ್ನ ಹೊಸ ಗೆಳೆಯರ ಮುಂದೆ ನನ್ನನ್ನು ಕೋಡಂಗಿ ಮಾಡುವ ಉಮೇದು. ಕಡೆಗೆ ಅವರ ಕೋಚೇ ಬಂದು ತೋಳು ಹಿಡಿದು ಎಳೆದುಕೊಂಡು ಹೋಗಿ ಬೆಂಚಿನ ಆ ತುದಿಯಲ್ಲಿ ಕೂರಿಸಿದ.

ಒಂದನ್ನು ಗಮನಿಸು. ಅವನು ಕೂಗಿದ್ದು ನಾವು ಓಡುವ ಸಲ ಮಾತ್ರ. ಎಸೆಯುವ ಸಲ ತುಟಿಪಿಟಕ್ಕೆನ್ನಲಿಲ್ಲ. ಅಂದರೆ ಓಟವೋ ಎಸೆತವೋ ಎಂದು ನಾವು ನಾವೇ ತಿಳಿಸಿಕೊಳ್ಳುವ ಸಂಕೇತಗಳೆಲ್ಲ ಅವನಿಗೆ ಇನ್ನೂ ಬಾಯಿಪಾಠವಾಗಿವೆ, ಅವನ್ನು ಅಲ್ಲಿ ಎಲ್ಲರಿಗೂ ಹಂಚಿದ್ದಾನೆ. "ನಾನಿಲ್ದೆ ಆಡ್ಲಿ" ಎಂದದ್ದರ ಅರ್ಥ ಈಗ ತಿಳಿಯಿತು.

ಪಂದ್ಯ ಮುಗಿದ ಮೇಲೆ ಕೈ ಚಾಚಿಕೊಂಡು ನನ್ನ ಕಡೆಗೇ ಬಂದ. "ಹಾವು ನೀನೇ ಕಣೋ" ಎಂದು ಹೇಳಿ ನಾನು ಬೆನ್ನು ತಿರುಗಿಸಿದೆ. ಅವನು ಹಿಂದಿನಿಂದ ಏನೋ ಕೂಗಿದ. ನಾನು ಕೇಳಿಸಿಕೊಳ್ಳಲಿಲ್ಲ.

ಎಮಿಲ್


ಹ್ಯಾರೋ ರನ್
೧೦ ಅಕ್ಟೋಬರ್

ಎಮಿಲ್,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಅವನಿಗೆ ಬಡಿಸಿದ ಕೈ ನನ್ನದು ತಾನೆ.

ಪಾವ್ಲಿಕನ ಹೆಂಡತಿಗೆ ಅದು ಹೇಗೋ ಗೊತ್ತಾಗಿದೆ. "ಆ ಕಪ್ಪು ಜನಾನೇ ಹಂಗೆ, ನಾನ್ ಅವತ್ತೇ ಹೇಳಿರ್ಲಿಲ್ವಾ" ಎಂದಳು. ಅವಳು ಯಾವತ್ತೂ ಹೇಳಿರಲಿಲ್ಲ. ಅವನು ಬಂದಾಗಲೆಲ್ಲ ನಕ್ಕು ನಕ್ಕು ಅವನ ಅಂಗಿ ಹಿಡಿದು ಮಾತಾಡಿಸಿದವಳು. ಅವಳ ಬಾಯಿಂದ ಆ ಮಾತು ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಆದರೆ ರಾತ್ರಿ ಪಾತ್ರೆ ತೊಳೆಯುವಾಗ ನಾನೂ ಯೋಚಿಸಿದೆ, ಅವನು ಅಷ್ಟೊಂದು ನಗಿಸುತ್ತಿದ್ದನಲ್ಲ, ಯಾಕಿರಬಹುದು ಎಂದು. ನೋಡು, ಒಂದು ಅನುಮಾನ ಒಳಗೆ ಬಂತೆಂದರೆ ಮನೆಯವರ ನಗುವನ್ನೂ ಅಳೆಯುವ ಹಾಗೆ ಮಾಡುತ್ತದೆ. ನಾಚಿಕೆಯಾಯಿತು.

ನಿನ್ನ ಪಕ್ಕದಲ್ಲಿ ನಮ್ಮ ಸ್ಲೋವಾಕ್ ಜನದ ಹುಡುಗನೇ ಇದ್ದು ಅವನು ಮೆಂಫಿಸ್‌ಗೆ ಹೋಗಿದ್ದರೆ ನೀನು ಇಷ್ಟು ಬೇಗ ನಂಬುತ್ತಿದ್ದೆಯಾ? ಉತ್ತರ ಬರೆಯಬೇಡ. ಸುಮ್ಮನೆ ಒಂದು ಸಲ ಕೇಳಿಕೋ.

ಇಲ್ಲಿ ನಗುವ ವಿಷಯ ಒಂದೇ. ನಾನು ಭಾರಿ ಪಂಡಿತೆಯಾಗಿದ್ದೇನೆ. ಚರ್ಚಿನ ಹೆಂಗಸರು ಭಾನುವಾರ ನಮ್ಮ ಮನೆಗೇ ಟಿವಿ ನೋಡಲು ಬರುತ್ತಾರೆ. ಧ್ವನಿ ಇಲ್ಲದೆ ಕೂತು ಕೂತು ನನಗೆ ಆಟ ಹೇಗೆ ತಲೆಗೆ ಹತ್ತಿದೆ ಎಂದರೆ, ಲಾಯ್ಡ್ ಚೆಂಡು ಮುಟ್ಟುವ ಮೊದಲೇ ಈಗ ಓಡುತ್ತಾರೆ, ಈಗ ಎಸೆಯುತ್ತಾರೆ ಎಂದು ಹೇಳಿಬಿಡುತ್ತೇನೆ. ತಪ್ಪುವುದೇ ಅಪರೂಪ. ಇಷ್ಟು ವರ್ಷ ನೋಡಿದ್ದೇನೆ, ತಲೆಬುಡ ತಿಳಿಯುತ್ತಿರಲಿಲ್ಲ. ಈ ವರ್ಷ ಕಣ್ಣು ತೆರೆಯಿತು. ನಿಮ್ಮ ಬ್ರಾಕ್‌ಮನ್‌ಗೆ ಹೇಳು, ಅವರ ಕೆಲಸಕ್ಕೆ ನಾನು ಬರುತ್ತೇನೆ.

ವೆರೋನಿಕಾ


ಮಿಲ್ವಾಕಿ
೧ ನವೆಂಬರ್

ಅಕ್ಕಾ,

ಸಂಕೇತಗಳನ್ನೆಲ್ಲ ಬದಲಿಸಿದೆವು. ಆದರೂ ಆಮೇಲೆ ಬಂದ ತಂಡಗಳಿಗೂ ಎಲ್ಲವೂ ಗೊತ್ತಿತ್ತು. ಮತ್ತೆ ಬದಲಿಸಿದೆವು. ಮತ್ತೆ ಹಾಗೇ. ಕಳೆದ ಭಾನುವಾರ ನನ್ನ ಎದುರಿಗಿದ್ದವನು ನನ್ನನ್ನು ದಾಟಿ ಹೋಗಿ ಲಾಯ್ಡ್‌ನನ್ನು ಎತ್ತಿ ಒಗೆದ. ಕತ್ತಿನ ಕೆಳಗಿನ ಎಲುಬು ಮುರಿಯಿತು. ಅದರ ಸದ್ದು ನನಗೆ ಕೇಳಿಸಿತು. ಹಲಗೆಯ ಮೇಲೆ ಮಲಗಿಸಿ ಒಯ್ಯುವಾಗ ಲಾಯ್ಡ್ ನನ್ನ ಮುಖ ನೋಡಲಿಲ್ಲ. ಅವನ ಹೆಂಡತಿ ನೋಡಿದಳು.

ಇದರರ್ಥ ಒಂದೇ. ನಮ್ಮೊಳಗಿನವರೇ ಯಾರೋ ಆರ್ವೆಲ್‌ಗೆ ಸುದ್ದಿ ಮುಟ್ಟಿಸುತ್ತಿದ್ದಾರೆ. ಅವನು ಅದನ್ನು ಊರೆಲ್ಲ ಹಂಚುತ್ತಿದ್ದಾನೆ. ಕರ್ಟಿಸ್ ಮಾತಾಡುವುದಿಲ್ಲ ಎಂದು ಬರೆದಿದ್ದೆನಲ್ಲ, ಮಾತಾಡದವನನ್ನು ನಂಬುವುದು ಹೇಗೆ? ಅವನು ದಿನಾ ಸಂಜೆ ನಾವು ತಂಗಿರುವ ಹೋಟೆಲಿನ ಫೋನಿನಲ್ಲಿ ಪಿಸುಗುಡುವುದನ್ನು ಕಂಡೆ. ಹಿಂದೆ ನಿಂತು ಕೇಳಿದೆ. ಅಮ್ಮನ ಜೊತೆ ಹಸು ಕರು ಹಾಕಿದ ವಿಷಯ. ಅಥವಾ ನಾನು ಬಂದದ್ದು ಗೊತ್ತಾಗಿ ಮಾತು ಬದಲಿಸಿದನೋ. ನನ್ನ ಕೋಣೆಯ ಬೀಗ ಬದಲಾಯಿಸಿದ್ದೇನೆ. ಊಟಕ್ಕೆ ಕೂತರೆ ಈಗ ನನ್ನ ಮೇಜಿಗೆ ಯಾರೂ ಬರುವುದಿಲ್ಲ, ನಾನೂ ಕರೆಯುವುದಿಲ್ಲ.

ಆರ್ವೆಲ್ ವಿಷಯ ಕೋಚ್‌ಗೆ ಹೇಳಿದೆ. ಅವರು ಬೇರೆ ತಂಡಗಳಲ್ಲಿ ತಮಗೆ ಗೊತ್ತಿದ್ದವರಿಗೆಲ್ಲ ಹೇಳಿದರು. ಮೆಂಫಿಸ್‌ನವರು ಅವನನ್ನು ಆಗಲೇ ಬಿಟ್ಟುಬಿಟ್ಟಿದ್ದಾರೆ, ನಮ್ಮ ಪಂದ್ಯವಾದ ಎರಡೇ ವಾರಕ್ಕೆ. ಯಾಕೆಂದು ಪತ್ರಿಕೆಯಲ್ಲಿ ಇಲ್ಲ. ಈಗ ಯಾವ ತಂಡವೂ ಅವನನ್ನು ಕರೆಯುತ್ತಿಲ್ಲ. ನನಗೆ ಸಂತೋಷವಾಯಿತು. ನಿನಗೆ ಸುಳ್ಳು ಬರೆಯಲಾರೆ.

ಈ ಭಾನುವಾರ ನನ್ನನ್ನು ಕೂರಿಸುತ್ತಾರೆ. ನನ್ನ ಜಾಗದಲ್ಲಿ ಒಬ್ಬ ಹೊಸಬ ಆಡುತ್ತಾನೆ. ಅವನು ಚೆನ್ನಾಗಿ ಆಡಿದರೆ ನನ್ನ ಕಥೆ ಮುಗಿಯಿತು.

ಅಕ್ಕಾ, ಒಂದು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಆರ್ವೆಲ್ ನಿನಗೆ ಫೋನ್ ಮಾಡುತ್ತಾನೆಯೇ? ನಾನು ಬರೆದದ್ದನ್ನೆಲ್ಲ ನೀನು ಅವನಿಗೆ ಹೇಳಿದ್ದೀಯಾ?

ಎಮಿಲ್


ಹ್ಯಾರೋ ರನ್
೧೬ ನವೆಂಬರ್

ಎಮಿಲ್,

ಕೋಪ ಮಾಡಿಕೊಂಡಿದ್ದೇನೆ. ಅದಕ್ಕೇ ಇಷ್ಟು ತಡ. ನಿನ್ನ ಕಾಗದವನ್ನು ಒಲೆಗೆ ಹಾಕುವವಳಿದ್ದೆ, ನಿನ್ನ ಭಾವ ಕೈ ಹಿಡಿದರು. ಅಮ್ಮ ಹೋದಾಗ ನಿನಗೆ ಏಳು ವರ್ಷ. ನಿನ್ನ ಚಡ್ಡಿ ಒಗೆದವಳನ್ನು ಬೇಹುಗಾರ್ತಿ ಎನ್ನುತ್ತೀಯಾ?

ಫೋನ್ ಮಾಡಿದ್ದ. ಒಂದೇ ಸಲ, ಮೆಂಫಿಸ್ ಪಂದ್ಯದ ಮಾರನೆಯ ದಿನ. ನಿನಗೆ ಹೇಳಿರಲಿಲ್ಲ, ಹೇಳಿದ್ದರೆ ನೀನು ಕುಣಿಯುತ್ತಿದ್ದೆ. ಎಮಿಲ್ ನನ್ನ ಫೋನ್ ತೆಗೆಯುತ್ತಿಲ್ಲ ಎಂದ. ಆಮೇಲೆ, "ಅಕ್ಕಾ, ಅವನ ಕೈ ಹೇಗಿದೆ?" ಎಂದು ಕೇಳಿದ. ನೋವಾಗಿದೆಯೇ ಎಂದು ಕೇಳುತ್ತಿದ್ದಾನೆ ಅಂದುಕೊಂಡು, "ಅವನ ಕೈಗೇನಾಗಿದ್ಯೋ, ಕಲ್ಲಿದ್ದಂಗಿದೆ" ಅಂದೆ. "ಕೈ ನೋಡ್ಕೊಳೋಕೆ ಹೇಳಿ" ಎಂದು ಇಟ್ಟುಬಿಟ್ಟ. ಆಮೇಲೆ ನಿನ್ನ ಕಾಗದ ಓದಿ ನಾನೂ ಅನುಮಾನದಲ್ಲಿದ್ದೆನಲ್ಲ, ನಿನಗೆ ಅದನ್ನು ತಿಳಿಸಲಿಲ್ಲ.

ಈಗ ನಾನು ಹೇಳುವುದನ್ನು ಜಗಳ ಮಾಡದೆ ಓದು. ನೀನು ಆಡದ ಭಾನುವಾರ ಹೆಂಗಸರೆಲ್ಲ ಬಂದಿದ್ದರು. ಎಂದಿನಂತೆ ನಾನು ಹೇಳತೊಡಗಿದೆ. ಓಟ ಎಂದರೆ ಎಸೆದರು, ಎಸೆತ ಎಂದರೆ ಓಡಿದರು. ಒಂದೂ ಸರಿಯಾಗಲಿಲ್ಲ. ಪಾವ್ಲಿಕನ ಹೆಂಡತಿ ನಗುತ್ತ ಕುರ್ಚಿಯಿಂದ ಜಾರಿದಳು. ನನ್ನ ಪಾಂಡಿತ್ಯ ಎಲ್ಲಿ ಹೋಯಿತು ಎಂದು ನನಗೇ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು, ನಾನು ಇಷ್ಟು ದಿನ ಆಟವನ್ನು ನೋಡುತ್ತಲೇ ಇರಲಿಲ್ಲ. ನಿನ್ನನ್ನು ನೋಡುತ್ತಿದ್ದೆ.

ಚಿಕ್ಕವನಿದ್ದಾಗ ನೀನು ಹೊರಗೆ ಓಡಬೇಕೆಂದರೆ ಮೊದಲು ಮೇಜಿಗೆ ಅಂಗೈ ಊರಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕುತ್ತಿದ್ದೆ. ಮೇಜಿನ ಕಾಲು ಕಿರುಗುಟ್ಟುತ್ತಿತ್ತು. ಹಿಡಿಯಬೇಕೆಂದು ನನಗೆ ಅದರಿಂದಲೇ ತಿಳಿಯುತ್ತಿತ್ತು. ಬಯ್ಯಿಸಿಕೊಳ್ಳಲು ನಿಂತಾಗ ಹಿಮ್ಮಡಿಯ ಮೇಲೆ ನಿಂತು, ಬೆರಳ ತುದಿಯನ್ನಷ್ಟೇ ಮೇಜಿಗೆ ತಾಗಿಸುತ್ತಿದ್ದೆ. ಈಗಲೂ ಅದನ್ನೇ ಮಾಡುತ್ತಿದ್ದೀಯ. ನಿಮ್ಮವರು ಓಡುವುದಿದ್ದರೆ ನಿನ್ನ ಕೈ ನೆಲದೊಳಗೆ ಹೂತು, ಗೆಣ್ಣು ಬೆಳ್ಳಗಾಗಿ, ಹಿಂಭಾಗ ಮೇಲೇಳುತ್ತದೆ. ಎಸೆಯುವುದಿದ್ದರೆ ಬೆರಳು ಹುಲ್ಲಿನ ಮೇಲೆ ಇದೆಯೋ ಇಲ್ಲವೋ ಅನ್ನುವಂತೆ ಇರುತ್ತದೆ. ನಮ್ಮ ಮನೆಯ ಸೋಫಾದಿಂದ ನನಗೆ ಕಾಣುವುದು ಎದುರಿಗೆ ನಿಂತವನಿಗೆ ಕಾಣುವುದಿಲ್ಲವೇ?

ನಿಮ್ಮ ಗುಟ್ಟನ್ನು ಯಾರೂ ಮಾರಿಲ್ಲ, ಎಮಿಲ್. ನಿನ್ನ ಕೈಯೇ ಹೇಳುತ್ತಿದೆ.

ಒಂದು ಮಾತ್ರ ನನಗೆ ಬಗೆಹರಿಯುತ್ತಿಲ್ಲ. ಇದು ನಿನ್ನ ಹುಟ್ಟುಗುಣ. ಹಾಗಿದ್ದರೆ ಹೋದ ವರ್ಷದವರೆಗೆ ನನಗೆ ಯಾಕೆ ಕಾಣಲಿಲ್ಲ?

ವೆರೋನಿಕಾ


ಮಿಲ್ವಾಕಿ
೩೦ ನವೆಂಬರ್

ಅಕ್ಕಾ,

ನಿನ್ನ ಕಾಗದ ಓದಿ ಮೊದಲು ನಕ್ಕೆ. ಹತ್ತು ವರ್ಷ ಆಡಿದವನಿಗೆ ಪಿರೋಹಿ ಮಡಚುವವಳು ಪಾಠ ಹೇಳುತ್ತಿದ್ದಾಳೆ ಎಂದುಕೊಂಡೆ. ಎರಡು ದಿನ ಅದನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ಆಮೇಲೆ ಕೋಚ್ ಬ್ರಾಕ್‌ಮನ್ ಬಳಿ ಹೋಗಿ ಈ ವರ್ಷದ ಪಂದ್ಯಗಳ ಫಿಲಂ ಹಾಕಿ ಎಂದೆ.

ನಾವು ಫಿಲಂ ನೋಡುವುದು ಚೆಂಡು ಅಲುಗಿದ ಮೇಲಿನದನ್ನು. ಯಾರು ಯಾರನ್ನು ತಳ್ಳಿದರು, ಯಾರ ಕಾಲು ಜಾರಿತು. ಅದಕ್ಕೂ ಮೊದಲು ಬಗ್ಗಿ ನಿಂತಿರುವ ಹೊತ್ತನ್ನು ಯಾರೂ ನೋಡುವುದಿಲ್ಲ, ಆಗ ಯಂತ್ರದ ಗುಂಡಿ ಒತ್ತಿ ಮುಂದಕ್ಕೆ ಓಡಿಸುತ್ತೇವೆ. ಈ ಸಲ ಅಲ್ಲೇ ನಿಲ್ಲಿಸಿದೆವು. ನೀನು ಹೇಳಿದ ಹಾಗೇ ಇತ್ತು. ಓಟಕ್ಕೆ ಹೂತ ಕೈ, ಎಸೆತಕ್ಕೆ ತೇಲುವ ಕೈ. ಕೋಚ್ ತಮ್ಮ ಹಣೆ ಹಿಡಿದುಕೊಂಡು ಕೂತರು. ಲಾಯ್ಡ್‌ನ ಎಲುಬು ಮುರಿದದ್ದು ನನ್ನ ಈ ಐದು ಬೆರಳ ದೆಸೆಯಿಂದ.

ಆಮೇಲೆ ಹೋದ ವರ್ಷದ ಫಿಲಂ ಹಾಕಿಸಿದೆ. ನಿನ್ನ ಕೊನೆಯ ಪ್ರಶ್ನೆ ನನ್ನನ್ನು ಬಿಟ್ಟಿರಲಿಲ್ಲ. ಅದರಲ್ಲಿ ಓಟಕ್ಕೂ ನನ್ನ ಕೈ ಹಗುರವಾಗಿತ್ತು. ಅದರ ಹಿಂದಿನ ವರ್ಷವೂ ಹಾಗೇ. ಫಿಲಂಗೆ ಧ್ವನಿ ಇಲ್ಲ, ಬರಿಯ ಯಂತ್ರದ ಕಟಕಟ. ಸಾಲಿಗೆ ನಡೆದು ಹೋಗುವಾಗ ಆರ್ವೆಲ್ ನನ್ನ ಕಡೆ ತಿರುಗುತ್ತಾನೆ. ಬಾಯಿ ಅಲುಗುತ್ತದೆ. ನಾನು ಮುಖ ಸಿಂಡರಿಸುತ್ತೇನೆ. ಆಮೇಲೆ ಬಗ್ಗಿ, ಕೈಯನ್ನು ಮೆಲ್ಲಗೆ, ಅಂಜಿ ಅಂಜಿ ಹುಲ್ಲಿನ ಮೇಲೆ ಇಡುತ್ತೇನೆ. ಕೆಳಗೆ ಏನೋ ಇದೆ ಎನ್ನುವ ಹಾಗೆ.

ಅಕ್ಕಾ, ಅವನು ಹಾವು ಎನ್ನುತ್ತಿದ್ದದ್ದು ಓಟಕ್ಕೆ ಮಾತ್ರ. ಎಸೆಯುವುದಿದ್ದರೆ ಊಟಕ್ಕೇನು ಎಂದು ಕೇಳುತ್ತಿದ್ದ. ಓಟಕ್ಕೆ ಮಾತ್ರ ತಿರುಗಿದರೆ ಎದುರಿನವರಿಗೆ ಗೊತ್ತಾಗುತ್ತದೆ ಎಂದು ಪ್ರತಿ ಸಲವೂ ತಿರುಗಿ ಏನಾದರೊಂದು ಮಾತಾಡುತ್ತಿದ್ದ. ಒಂದೊಂದು ಪಂದ್ಯವನ್ನೂ ನೆನಪು ಮಾಡಿಕೊಂಡೆ. ಒಮ್ಮೆಯೂ ತಪ್ಪಿಲ್ಲ. ಆರು ವರ್ಷ ನನ್ನ ಕೈ ಕಾದವನನ್ನು ನಾನು ಬಾಯಿಬಡುಕ ಅಂದುಕೊಂಡಿದ್ದೆ.

ಮೆಂಫಿಸ್‌ನಲ್ಲಿ ಅವನಿಗೆ ನಮ್ಮ ಸಂಕೇತ ಗೊತ್ತಿತ್ತೆಂದು ಬರೆದೆನಲ್ಲ. ಅವನಿಗೆ ಗೊತ್ತಿದ್ದದ್ದು ನನ್ನ ಕೈ ಒಂದೇ. ಹೂತದ್ದನ್ನು ಕಂಡಾಗಲೆಲ್ಲ ಕೂಗಿದ, ಅವರ ಅಂಗಿ ತೊಟ್ಟುಕೊಂಡು, ಅವರ ಕೋಚ್ ಎದುರಿಗೇ. ಅವರು ಅವನನ್ನು ಯಾಕೆ ಬಿಟ್ಟರು ಎಂದು ಪತ್ರಿಕೆಯಲ್ಲಿ ಹುಡುಕಬೇಕಾಗಿಲ್ಲ. ಅಲ್ಲಿ ಕೆಲಸ ಹೋಯಿತು, ಇನ್ನೆಲ್ಲೂ ಸಿಗದ ಹಾಗೆ ನಾನು ಮಾಡಿದೆ.

ಕೋಚ್ ನಾಲ್ಕು ಕಡೆ ಫೋನ್ ಮಾಡಿ, ನಾವು ಹೇಳಿದ್ದು ತಪ್ಪು ಎಂದಿದ್ದಾರೆ. ಆರ್ವೆಲ್‌ನ ಮೂವತ್ತಮೂರು ವರ್ಷದ ಸವೆದ ಮೊಣಕಾಲಿಗೆ ಯಾರೂ ಹೂಂ ಅನ್ನಲಿಲ್ಲ. ಅವನಿಗೆ ಕಾಗದ ಬರೆಯಲು ಕೂತೆ. ಅವನ ಹೆಸರು ಬರೆದ ಮೇಲೆ ಕೈ ಮುಂದೆ ಹೋಗಲಿಲ್ಲ. ಏನು ಮಾಡಲಿ?

ಎಮಿಲ್


ಹ್ಯಾರೋ ರನ್
೬ ಡಿಸೆಂಬರ್

ಎಮಿಲ್,

ಕಾಗದ ಬೇಡ. ಹೋಗು.

ಅವನು ಅವರಮ್ಮನ ಮನೆಯಲ್ಲಿದ್ದಾನಂತೆ, ನಾನೇ ಫೋನ್ ಮಾಡಿ ವಿಚಾರಿಸಿದೆ. ನಾನು ಅವನನ್ನು ಅನುಮಾನಿಸಿದ್ದೆ ಎಂದು ಹೇಳಿ ಕ್ಷಮೆ ಕೇಳಿದೆ. ನನ್ನ ಪಾಲಿನದು ಮುಗಿಯಿತು. ನಿನ್ನದನ್ನು ನಾನು ಹೊರಲಾರೆ.

ಅಕ್ಕ


ಸೇಂಟ್ ಓಮರ್, ಲೂಯಿಸಿಯಾನಾ
೨೦ ಡಿಸೆಂಬರ್

ಅಕ್ಕಾ,

ಕೊನೆಯ ಪಂದ್ಯ ಮುಗಿದ ಸಂಜೆಯೇ ಕಾರು ಹತ್ತಿದೆ. ನನ್ನನ್ನು ಆಡಿಸಲಿಲ್ಲ. ಒಪ್ಪಂದದ ಮಾತನ್ನೂ ಯಾರೂ ಎತ್ತಲಿಲ್ಲ. ಅದರ ಬಗ್ಗೆ ಭಾವನ ಹತ್ತಿರ ಆಮೇಲೆ ಮಾತಾಡುತ್ತೇನೆ.

ಕಬ್ಬಿನ ಗದ್ದೆಗಳ ನಡುವೆ ಅವರಮ್ಮನ ಮನೆ. ಆಕೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಅಡಿಯಿಂದ ಮುಡಿಯವರೆಗೆ ನೋಡಿದರು. "ನೀನೇನಾ ಅವನು" ಎಂದರು. ಹೌದೆಂದೆ. ಒಳಗೆ ಹೋಗಿ ಕೆಂಪು ಕಾಳಿನ ಸಾರು, ಅನ್ನ ತಂದು ನನ್ನ ಮುಂದಿಟ್ಟರು. ಉಣ್ಣುವವರೆಗೂ ಎದುರಿಗೇ ನಿಂತಿದ್ದರು. ಅಂಥ ಊಟ ನನ್ನ ಶತ್ರುವಿಗೂ ಬೇಡ.

ಆರ್ವೆಲ್ ಹಿತ್ತಲಿನ ಮೆಟ್ಟಿಲ ಮೇಲೆ ಕೂತಿದ್ದ. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದ. ಏಳಲಿಲ್ಲ. ನಾನು ಕೆಳಗಿನ ಮೆಟ್ಟಿಲಲ್ಲಿ ಕೂತು, ಎಲ್ಲವನ್ನೂ ಹೇಳಿದೆ. ಕೋಚ್‌ಗೆ ದೂರು ಹೇಳಿದ್ದು, ಅವನ ಕೆಲಸ ಹೋದಾಗ ಸಂತೋಷಪಟ್ಟದ್ದು, ಏನನ್ನೂ ಬಿಡಲಿಲ್ಲ. ಅವನು ಅಂಗಳದ ಕೋಳಿಗಳನ್ನು ನೋಡುತ್ತಿದ್ದ. ನೇರವಾಗಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ಆಡೋವಾಗೆಲ್ಲ ನಿನ್ ಕೈನೇ ನೋಡ್ಕೊಂಡಿರ್ತಿದ್ದೆ" ಎಂದ. "ಕೈ ನೋಡ್ಕೊಳ್ಳೋನು ಎದುರಿಗಿರೋನ್ನ ನೋಡಲ್ಲ. ಲಾಯ್ಡ್ ಯಾವತ್ತೋ ಸಾಯ್ತಿದ್ದ. ನಿಂಗೆ ಹಾವೇ ಸರಿ ಅನ್ನಿಸ್ತು."

ಮೆಂಫಿಸ್‌ನ ಆ ಹುಡುಗ ಪಂದ್ಯ ಶುರುವಾದ ಸ್ವಲ್ಪ ಹೊತ್ತಿನಲ್ಲೇ ನನ್ನ ಕೈಯನ್ನು ಓದಿಬಿಟ್ಟಿದ್ದನಂತೆ. ನಿಜವೇ ಎಂದು ಇವನನ್ನು ಬಂದು ಕೇಳಿದ. ಇವನು ಗೊತ್ತಿಲ್ಲ ಎಂದ. ಆಮೇಲೆ ತಡೆಯಲಾರದೆ ಕೂಗಿದ. ಅವರ ಕೋಚ್ ಪಕ್ಕಕ್ಕೆ ಎಳೆದುಕೊಂಡು ಹೋದದ್ದನ್ನು ನಾನೇ ನೋಡಿದ್ದೆನಲ್ಲ. "ಯಾವ ಕಡೆಯೋನು ನೀನು ಅಂತ ಕೇಳಿದ್ರು" ಎಂದ ಆರ್ವೆಲ್. "ಏನ್ ಹೇಳ್ಬೇಕು ಅಂತ ನಂಗೂ ಗೊತ್ತಾಗ್ಲಿಲ್ಲ."

ತಪ್ಪಾಯಿತು ಎಂದೆ. ಅವನು ತಲೆಯಾಡಿಸಿದ, ಕೇಳಿಸಿತು ಎನ್ನುವ ಹಾಗೆ. ಅಷ್ಟೇ. ನಾನು ಬಂದದ್ದು ಯಾವುದಕ್ಕೋ ಅದು ಆಗಲಿಲ್ಲ ಎಂದು ತಿಳಿಯಿತು. ಕ್ರಿಸ್ಮಸ್‌ಗೆ ನಮ್ಮ ಮನೆಗೆ ಬಾ ಎಂದು ಕರೆಯಲೂ ಬಾಯಿ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆಯಲಿ? ಎದ್ದು ಅಂಗಳಕ್ಕೆ ಇಳಿದೆ. ಕಾರಿನ ಕಡೆಗೆ ಹೋಗಬೇಕಿತ್ತು. ಹೋಗಲಿಲ್ಲ.

ನನಗೆ ಬರುವುದು ಒಂದೇ ಕೆಲಸ, ಅಕ್ಕಾ. ಅಂಗಳದ ನಡುವೆ, ಕೋಳಿಗಳ ಮಧ್ಯೆ, ಒಳ್ಳೆಯ ಪ್ಯಾಂಟು ಹಾಕಿಕೊಂಡೇ ಬಗ್ಗಿ ಒಂದು ಕೈ ನೆಲಕ್ಕೆ ಊರಿದೆ. ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದೆ. ಅವರಮ್ಮ ಕಿಟಕಿಯಿಂದ ನೋಡುತ್ತಿದ್ದರು. ಹುಚ್ಚು ಹಿಡಿದಿದೆ ಅಂದುಕೊಂಡಿರಬೇಕು. ಬೆರಳ ಗೆಣ್ಣು ಬೆಳ್ಳಗಾಯಿತು. ನಾನು ಏಳಲಿಲ್ಲ.

"ಹಾವು" ಎಂದ ಆರ್ವೆಲ್. ತೀರ ಮೆಲ್ಲಗೆ ಹೇಳಿದ.

ನಾನು ಕೈ ಎತ್ತಿ, ಮತ್ತೆ ಹಗುರವಾಗಿ ಇಟ್ಟೆ. ತಲೆ ಎತ್ತಲು ಧೈರ್ಯವಾಗಲಿಲ್ಲ, ಕಣ್ಣು ಮಂಜಾಗಿತ್ತು. ಹಾಗೇ ಬಗ್ಗಿಕೊಂಡಿದ್ದೆ. ಅವನು ಒಂದೊಂದೇ ಮೆಟ್ಟಿಲು ಇಳಿದು ಬರುವುದು ಕೇಳಿಸಿತು. ನನ್ನ ಪಕ್ಕದಲ್ಲಿ, ತನ್ನ ಹಳೆಯ ಜಾಗದಲ್ಲಿ ಬಂದು ನಿಂತ. ಬಗ್ಗಲು ಅವನ ಮೊಣಕಾಲು ಬಿಡುವುದಿಲ್ಲ. ನಿಂತುಕೊಂಡೇ ಕೇಳಿದ:

"ಅಕ್ಕ ಊಟಕ್ಕೇನು ಮಾಡ್ತಾಳಂತೆ?"

ನಾಳೆ ಬೆಳಿಗ್ಗೆ ಹೊರಡುತ್ತೇವೆ. ಅಣಬೆ ಸಾರು ಜಾಸ್ತಿ ಮಾಡು.

ನಿನ್ನ ತಮ್ಮ,
ಎಮಿಲ್